ಲಾರಿ ನಿಂತ ದಿನದ ಗಾಳಿ

ನಮ್ಮದು ಸೋಮವಾರ ಬಂತೆಂದರೆ ಈರುಳ್ಳಿಯನ್ನೂ ಮುಟ್ಟದ ಮನೆ. ಅಂಥ ಮನೆಯಲ್ಲಿ ದೇವರ ಕೋಣೆಯ ಪಕ್ಕದ ಗೋಡೆಗೆ ಒಂದು ರೈಫಲ್ ತೂಗುತ್ತಿತ್ತು. ಹಂದಿಕಾಟಕ್ಕೆಂದು ತಾತ ಹರೆಯದಲ್ಲಿ ಲೈಸೆನ್ಸು ಮಾಡಿಸಿ ತಂದದ್ದು. ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕು, ದುರ್ಬೀನು ಗಿರ್ಬೀನು ಏನೂ ಇಲ್ಲ. ಅದು ಸದ್ದು ಮಾಡಿ ಹಂದಿಗಳನ್ನು ಓಡಿಸುತ್ತಿತ್ತೇ ಹೊರತು ಒಂದನ್ನೂ ಕೊಂದಿರಲಿಲ್ಲ. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಮೆಕ್ಕೆಜೋಳದ ಹೊಲದ ನಡುವಿನ ಬಂಡಿದಾರಿಯ ಆ ತುದಿಗಿದ್ದ ಮಣ್ಣಿನ ದಿಬ್ಬದ ಮುಂದೆ ಕಟ್ಟಿದ ತೆಂಗಿನಕಾಯಿಗೆ ತಾತ ಗುರಿ ಇಡುತ್ತಿದ್ದರು. ಊರೆಲ್ಲ ಕಾಯಿಯನ್ನು ಕಲ್ಲಿಗೆ ಒಡೆದರೆ ನಮ್ಮ ಮನೆಯವರು ಗುಂಡಿನಿಂದ ಒಡೆಯುತ್ತಿದ್ದರು. ಸಸ್ಯಾಹಾರಿ ಬಂದೂಕು ಎಂದು ಜನ ನಗುತ್ತಿದ್ದರು.

ತಾತನ ಕಣ್ಣಿಗೆ ಪೊರೆ ಬಂದ ವರ್ಷ ಅವರೇ ಜಾಹೀರು ಮಾಡಿದರು: "ಈ ಸಲ ಕಾಯಿ ಒಡದೋರಿಗೆ ಬಂದೂಕ. ಯಾರೂ ಒಡೀಲಿಲ್ಲಂದ್ರ ಸ್ಟೇಷನ್ನಿಗೆ ಒಪ್ಪಿಸಿ ಬರ್ತೀನಿ."

ಕಣದಲ್ಲಿ ಇಬ್ಬರೇ. ಅದಿರಿನ ಧಂದೆಗಿಳಿದು ಲಾರಿ ಕೊಂಡಿದ್ದ ದೊಡ್ಡಪ್ಪನ ಮಗ, ಮತ್ತು ಹೊಸಪೇಟೆಯ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತಿದ್ದ ನಾನು.

"ನಿನಗ ಚಾಕ್‌ಪೀಸ್ ಸಾಕಲ್ಲೇನವ್ವಾ?" ಅಂದ ಅಣ್ಣ.

"ನಿನಗ ಹಾರ್ನ್ ಸಾಕು," ಅಂದೆ.

ನನಗೆ ಆ ಬಂದೂಕು ಬೇಕೇ ಬೇಕಾಗಿತ್ತು. ಚಿಕ್ಕಂದಿನಿಂದ ಅದರ ಎಣ್ಣೆಯ ವಾಸನೆ ಕುಡಿದು ಬೆಳೆದವಳು ನಾನು. ಅದು ಸ್ಟೇಷನ್ನಿನ ಮೂಲೆಯಲ್ಲಿ ತುಕ್ಕು ಹಿಡಿಯುವುದನ್ನು ನೆನೆದರೇ ಹೊಟ್ಟೆ ಉರಿಯುತ್ತಿತ್ತು.

ಭಾನುವಾರಗಳೆಲ್ಲ ಹೊಲದಲ್ಲೇ ಕಳೆದವು. ತೋಟಾ ತುಟ್ಟಿ, ಹಾಗಾಗಿ ತಾತ ಖಾಲಿ ಬಂದೂಕಿನ ನಳಿಗೆಯ ಮೇಲೆ ನಾಲ್ಕಾಣೆ ಇಟ್ಟು ಕುದುರೆ, ಅಂದರೆ ಟ್ರಿಗರ್, ಎಳೆಯಲು ಹೇಳುತ್ತಿದ್ದರು. ನಾಲ್ಕಾಣೆ ಬಿದ್ದರೆ ಮತ್ತೆ ಮೊದಲಿನಿಂದ. ಕಣ್ಣು ಮಂಜಾದರೂ ಅದು ಬಿದ್ದ ಸದ್ದು ಮಾತ್ರ ಅವರಿಗೆ ಮನೆಯ ಪಡಸಾಲೆಯಿಂದಲೂ ಕೇಳುತ್ತಿತ್ತು! ಕೈ ನೆಟ್ಟಗಾದ ಮೇಲೆ ಉಳಿದದ್ದು ಗಾಳಿ. ಅಷ್ಟು ದೂರ ಹೋಗುವ ಗುಂಡನ್ನು ಗಾಳಿ ಒಂದಿಷ್ಟು ಎಳೆದೇ ಎಳೆಯುತ್ತದೆ. ಅದಕ್ಕೆ ನಾನೇ ಒಂದು ಉಪಾಯ ಕಂಡುಕೊಂಡೆ. ದಿಬ್ಬದ ಆಚೆಗೇ ಸಂಡೂರಿನ ರಸ್ತೆ, ಅದರ ಮೇಲೆ ಇರುವೆ ಸಾಲಿನಂತೆ ಅದಿರಿನ ಲಾರಿಗಳು. ಕೆಂಪು ಧೂಳು ಹೊಸಪೇಟೆಯ ಕಡೆ ವಾಲಿದರೆ ನನ್ನ ಗುರಿ ಸಂಡೂರಿನ ಕಡೆ ಒಂದು ಕೂದಲು. ಬಿಳಿ ಪಂಚೆ ಉಟ್ಟವರೆಲ್ಲ ಆ ಧೂಳಿಗೆ ಹಿಡಿಶಾಪ ಹಾಕುತ್ತಿದ್ದ ಕಾಲದಲ್ಲಿ ಅದಕ್ಕೆ ಮನಸ್ಸಿನಲ್ಲೇ ಕೈ ಮುಗಿದವಳು ನಾನೊಬ್ಬಳೇ ಇರಬೇಕು.

ಆಯುಧಪೂಜೆ ಬಂತು. ಒಬ್ಬೊಬ್ಬರಿಗೆ ಒಂದೇ ಗುಂಡು. ಅಣ್ಣ ಮೊದಲು ಹೊಡೆದ. ದಿಬ್ಬದ ಮಣ್ಣು ಹಾರಿತು, ಕಾಯಿ ಜಪ್ಪಯ್ಯ ಅನ್ನಲಿಲ್ಲ. ನಾನು ಬೋರಲು ಮಲಗಿ ಧೂಳಿಗಾಗಿ ರಸ್ತೆಯತ್ತ ನೋಡಿದೆ.

ಧೂಳು ಇರಲಿಲ್ಲ. ಒಂದು ಲಾರಿಯೂ ಇರಲಿಲ್ಲ. ಜಿಲ್ಲೆಯ ಅಷ್ಟೂ ಲಾರಿಗಳು ಮೈತೊಳೆದುಕೊಂಡು, ಬಾಳೆಕಂಬ ಕಟ್ಟಿಸಿಕೊಂಡು, ಬೂದುಗುಂಬಳಕ್ಕೆ ಕಾಯುತ್ತಾ ನಿಂತಿದ್ದವು. ತಿಂಗಳುಗಟ್ಟಲೆ ಲೆಕ್ಕ ಹಾಕಿದ ಮೇಡಮ್ಮನಿಗೆ ಇಷ್ಟು ಹೊಳೆದಿರಲಿಲ್ಲ.

"ಅಣ್ಣಾ, ನಿಂದೊಂದು ಲಾರಿ ಆ ಕಡೀಗೆ ಓಡ್ಸೋ."

"ಪೂಜಿಗೆ ನಿಂತ ಗಾಡಿಗೆ ಇವತ್ತ ಚಾವಿ ಹಾಕಂಗಿಲ್ಲ," ಎಂದು ಅವನು ಹಲ್ಲು ಕಿರಿದ.

ನನಗೆ ಮೈಯೆಲ್ಲ ಉರಿದುಹೋಯಿತು.

"ಸಿಟ್ಟಿನಾಗ ಕುದ್ರಿ ಮುಟ್ಟಬ್ಯಾಡ," ಅಂದರು ಹಿಂದೆ ಕುರ್ಚಿಯಲ್ಲಿ ಕೂತಿದ್ದ ತಾತ.

"ಲಾರಿ ಇಲ್ಲದ ಕಾಲದಾಗ ನೀವು ಗಾಳಿ ಹೆಂಗ ನೋಡ್ತಿದ್ರಿ ತಾತ?"

"ನೋಡೋದ್ಯಾಕ? ಮೆಕ್ಕಿಜ್ವಾಳ ಹೇಳ್ತೈತಲ್ಲ."

ಆಗ ಕಿವಿಗೊಟ್ಟೆ. ಲಾರಿಗಳ ಗದ್ದಲದಲ್ಲಿ ಅದನ್ನು ನಾನು ಕೇಳಿಯೇ ಇರಲಿಲ್ಲ. ಒಣಗಿದ ಗರಿಗಳ ಸರಸರ ದೂರದ ಕಾಯಿಯ ಹತ್ತಿರ ಹುಟ್ಟಿ, ಸಾಲಿನಿಂದ ಸಾಲಿಗೆ ದಾಟಿ, ನನ್ನ ಮೇಲೆ ಹಾದು ಮನೆಯ ಕಡೆ ಹೋಯಿತು. ಮತ್ತೊಂದು ಅಲೆ ಬಂತು. ಅದೂ ಹೋಯಿತು. ಆಮೇಲೆ ಇಡೀ ಹೊಲ ಸುಮ್ಮನಾಯಿತು. ಅರ್ಧ ಉಸಿರು ಬಿಟ್ಟು, ಗುರಿಯನ್ನು ಅತ್ತಿತ್ತ ಮಾಡದೆ ಕುದುರೆ ಎಳೆದೆ.

"ಬಿತ್ತೇನು?" ತಾತ ಕೇಳಿದರು. ಅವರಿಗೆ ಅಷ್ಟು ದೂರ ಕಾಣುತ್ತಿರಲಿಲ್ಲ.

"ಎರಡು ಹೋಳು ತಾತ! ಭಾಳ ಮಸ್ತ್ ಹೊಡದ್ಲು!" ಕೂಗಿದವನು ಅಣ್ಣ. ಸೋತವನು ಅವನೇ ಎಂಬುದು ಆ ಕ್ಷಣ ಅವನಿಗೆ ಮರೆತುಹೋಗಿತ್ತು.

ನಾನು ಕುಣಿಯುತ್ತಾ ಬಂದು ಬಂದೂಕನ್ನು ಹೆಗಲಿಗೇರಿಸಿಕೊಂಡು ತಾತನ ಮುಂದೆ ನಿಂತೆ. ಅವರು ನಗುತ್ತಿದ್ದರು. ಆದರೆ ಪೂಜೆಯ ದಿನ ಸದಾ ಬಂದೂಕು ಹಿಡಿದಿರುತ್ತಿದ್ದ ಕೈಗಳಿಗೆ ಎಲ್ಲಿರಬೇಕೆಂದು ತಿಳಿಯದೆ ಅವು ಒಮ್ಮೆ ಮೊಣಕಾಲ ಮೇಲೆ, ಒಮ್ಮೆ ಕುರ್ಚಿಯ ಮೇಲೆ ಹರಿದಾಡಿದವು. ನಾನು ಬಂದೂಕನ್ನು ಹೆಗಲಿನಿಂದ ಇಳಿಸಿದೆ.

ಅವರೇ ಕೈ ಚಾಚಿದರು.

"ಕೊಡು ಇಲ್ಲಿ. ಬಂದೂಕ ನಿಂದು. ಒರೆಸಿ ಎಣ್ಣಿ ಹಚ್ಚೋದು ಮಾತ್ರ ನಂದು. ಅದನ್ನ ಯಾರಿಗೂ ಬಿಟ್ಟುಕೊಡಂಗಿಲ್ಲ."

ನಾನು ಖಾಲಿ ಬಂದೂಕನ್ನು ಅವರ ತೊಡೆಯ ಮೇಲಿಟ್ಟು, ಎಣ್ಣೆಯ ಬಟ್ಟೆ ತರಲು ಒಳಗೆ ಹೋದೆ.