ದುಬೈಯ ಸುಬ್ಬಕ್ಕ

ದುಬೈಯ ಕರಾಮದಲ್ಲಿ ನಮ್ಮ ಮನೆ ಇದ್ದದ್ದು ಬಾರಿನ ಹಿಂದೆ. ಬಾರು ಮಾತ್ರ ಇರಲಿಲ್ಲ. ನಾವು ಆ ಮನೆ ಹಿಡಿಯುವ ಮೊದಲೇ ಅಲ್ಲಿದ್ದ ಸಣ್ಣ ಹೋಟೆಲು ಮುಚ್ಚಿ, ಕೆಳಗಿನ ಬಾರಿನ ಜಾಗದಲ್ಲಿ ಸೂಟ್‌ಕೇಸು ಮಾರುವ ಅಂಗಡಿ ಬಂದಿತ್ತು. ಆದರೂ ಟ್ಯಾಕ್ಸಿಯವನಿಗೆ, ಗ್ಯಾಸ್ ಸಿಲಿಂಡರಿನವನಿಗೆ ನಮ್ಮದು ಬಾರಿನ ಗಲ್ಲಿಯೇ. ಹಣೆಗೆ ಕುಂಕುಮ ಇಟ್ಟುಕೊಂಡು, ಕೊತ್ತಂಬರಿ ಸೊಪ್ಪಿನ ಚೀಲ ಹಿಡಿದುಕೊಂಡು, "ಬಾರ್ ಕೆ ಪೀಛೆ ಛೋಡ್ ದೋ ಭಾಯ್" ಎಂದು ನಾನು ಎಷ್ಟು ಸಲ ಹೇಳಿದ್ದೇನೋ. ಒಮ್ಮೆ ಊರಿಂದ ಅಮ್ಮ ಫೋನಿನಲ್ಲಿರುವಾಗಲೇ ಹೀಗೆ ಹೇಳಿ ಸರಿಯಾಗಿ ಬೈಸಿಕೊಂಡೆ. "ಬೇರೆ ಜಾಗ ಸಿಕ್ಲಿಲ್ಯಾ ನಿಮ್ಗೆ ಸಂಸಾರ ಮಾಡುಕೆ?" ಎಂದಿದ್ದಳು.

ನಾನು ಅಲ್ಲಿದ್ದ ಆ ವರ್ಷಗಳಲ್ಲೇ ಸರ್ಕಾರದವರು ಬೀದಿಬೀದಿಗೆ ಹೊಸ ಹೆಸರಿನ ಬೋರ್ಡು ನಿಲ್ಲಿಸಿದರು, ಕಟ್ಟಡಗಳಿಗೆಲ್ಲ ಉದ್ದನೆಯ ನಂಬರಿನ ಫಲಕ ಹೊಡೆದರು. ಚೆಂದವೇ ಇತ್ತು, ಯಾರು ಬೇಡ ಅಂದರು? ಆದರೆ ಜನ ತಲೆಯೆತ್ತಿ ಓದಬೇಕಲ್ಲ! ಕೆಡವಿ ಹಾಕಿದ ಟಾಕೀಸಿನ ಎದುರು, ಮುಚ್ಚಿಹೋದ ಕೆಫೆಟೇರಿಯಾದ ಪಕ್ಕ, ಕಿತ್ತುಹಾಕಿದ ಸರ್ಕಲ್ಲಿನ ಆಚೆ, ಹೀಗೆ ಇಲ್ಲದಿರುವುದರ ಗುರುತು ಹಿಡಿದೇ ಇಡೀ ಊರು ಓಡಾಡುತ್ತಿತ್ತು. ಅಬುಧಾಬಿಗೆ ಹೋದರೂ ಅದೇ ಕಥೆ. ಬೋರ್ಡಿನಲ್ಲಿ ದೊಡ್ಡವರ ಹೆಸರು, ಬಾಯಲ್ಲಿ ಹಳೆಯ ಹೆಸರು. ಇಲ್ಲದ ಜಾಗ ಇಷ್ಟು ಗಟ್ಟಿಯಾಗಿ ಬದುಕಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಯೋಚಿಸಿದರೆ ಈಗಲೂ ಮೈ ಜುಂ ಎನ್ನುತ್ತದೆ.

ಇನ್ನು ಉಚ್ಚಾರಣೆಯ ಚೆಂದ ಕೇಳಲೇಬೇಡಿ. ಎದುರುಮನೆಯ ಮಲಯಾಳಿ ಹೆಂಗಸಿಗೆ ಖಿಸೈಸ್ ಆಗಿದ್ದ ಊರು ನನಗೆ ಕುಸೈಸ್, ಅರಬರ ಬಾಯಲ್ಲಿ ಗುಸೈಸ್. ಮೂವರೂ ಒಂದೇ ಬಸ್ಸು ಹತ್ತಿ ಒಂದೇ ಕಡೆ ಇಳಿಯುತ್ತಿದ್ದೆವು. ದೇರಾದ ನಾಯ್ಫ್ ಎಂಬ ಕೇರಿ ನಮ್ಮ ಮನೆಯಲ್ಲಂತೂ ನಾಯಿಯೇ ಆಗಿಹೋಗಿತ್ತು. ಅಪ್ಪಯ್ಯನ ರೂಮು ಇದ್ದದ್ದು ಅಲ್ಲಿ. ಅಷ್ಟೊಂದು ನಾಯಿಗಳ ನಡುವೆ ಅಪ್ಪಯ್ಯ ಹೇಗೆ ಮಲಗುತ್ತಾರಪ್ಪ ಎಂದು ಕುಂದಾಪುರದ ಬದಿಯ ನಮ್ಮ ಮನೆಯಲ್ಲಿ ಕೂತು ಚಿಕ್ಕವಳಾದ ನಾನು ಮರುಗುತ್ತಿದ್ದೆ. ದುಬೈಗೆ ಬಂದ ಮೇಲೂ ನನ್ನ ಬಾಯಿ ಸರಿಹೋಗಲಿಲ್ಲ. "ಮಮ್ಮಾ, ಇಟ್ಸ್ ನಾಟ್ ನಾಯಿ!" ಎಂದು ಶಾಲೆಗೆ ಹೋಗುವ ಮಗಳು ತಿದ್ದುತ್ತಿದ್ದಳು. ಇರಲಿ ಬಿಡು, ನಿನ್ನ ಅಜ್ಜನ ಕಾಲದಿಂದ ಬಂದ ನಾಯಿ ಅದು ಎನ್ನುತ್ತಿದ್ದೆ.

ಅಪ್ಪಯ್ಯ ದುಬೈಯಲ್ಲಿ ದುಡಿದದ್ದು ಹತ್ತಿರ ಹತ್ತಿರ ಮೂವತ್ತು ವರ್ಷ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದರು. ಅಮ್ಮನನ್ನು ಒಮ್ಮೆಯೂ ಕರೆದುಕೊಂಡು ಹೋಗಲಿಲ್ಲ. ಹಲವರು ಸೇರಿ ಇರುವ ಬ್ಯಾಚುಲರ್ ರೂಮಿಗೆ ಹೆಂಡತಿಯನ್ನು ಎಲ್ಲಿಗೆಂದು ತರುವುದು? ಫೋನು ಅಪರೂಪವಾಗಿದ್ದ ಆ ಕಾಲದಲ್ಲಿ ಅವರು ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಹೊರಟವರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದರು. ಪತ್ರ ಬರೆದರೆ ವಿಳಾಸದ ಜಾಗದಲ್ಲಿ ಬರೀ ಪೋಸ್ಟ್ ಬಾಕ್ಸ್ ನಂಬರು. ಅಲ್ಲಿ ಮನೆಬಾಗಿಲಿಗೆ ಅಂಚೆಯವನು ಬರುವ ಪದ್ಧತಿಯೇ ಇಲ್ಲವಲ್ಲ. ಹಾಗಾಗಿ ಅಪ್ಪಯ್ಯ ಓಡಾಡಿದ ಬೀದಿಗಳ ಹೆಸರನ್ನು ಅಮ್ಮ ಕಿವಿಯಿಂದ ಕೇಳಿದ್ದಷ್ಟೇ, ಅಕ್ಷರದಲ್ಲಿ ಯಾವತ್ತೂ ನೋಡಿರಲಿಲ್ಲ.

ಅಪ್ಪಯ್ಯ ತೀರಿಹೋಗಿ ಕೆಲವು ವರ್ಷಗಳ ಮೇಲೆ, ಒಂದು ಚಳಿಗಾಲದಲ್ಲಿ, ಅಮ್ಮ ವಿಸಿಟ್ ವೀಸಾದಲ್ಲಿ ನಮ್ಮಲ್ಲಿಗೆ ಬಂದಳು. ಎತ್ತರದ ಕಟ್ಟಡ ತೋರಿಸಿದೆ, ಮೆಟ್ರೋ ಹತ್ತಿಸಿದೆ, ಮಿರ್ದಿಫ್‌ನ ಮಾಲಿಗೆ ಕರೆದುಕೊಂಡು ಹೋದೆ. ಎಲ್ಲದಕ್ಕೂ "ಹ್ಞೂಂ, ಲಾಯ್ಕಿತ್ತ್" ಎಂದಳು, ಅಷ್ಟೇ. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಬಂಗುಡೆ ಕೊಯ್ಯುತ್ತಾ, ತಲೆಯೆತ್ತದೆ ಕೇಳಿದಳು:

"ಸುಬ್ಬಕ್ಕನ್ ಮನಿಗೆ ಯಾವತ್ತ್ ಹೋಪುದ್?"

"ಯಾವ ಸುಬ್ಬಕ್ಕ?"

"ನಿನ್ನಪ್ಪಯ್ಯಂಗೆ ಊಟ ಹಾಕ್ತಿದ್ದ ಸುಬ್ಬಕ್ಕ. ಎಂತ, ನಿಂಗೆ ಗೊತ್ತಿಲ್ಯಾ?"

ಅಮ್ಮ ಮೀನಿನ ಮೇಲಿನ ಕಣ್ಣು ತೆಗೆಯದೆ ಎಲ್ಲವನ್ನೂ ಹೇಳಿದಳು. ಕ್ಯಾಸೆಟ್ಟು ಬಂದಾಗಲೆಲ್ಲ ಅದರಲ್ಲಿ ಸುಬ್ಬಕ್ಕ ಇರುತ್ತಿದ್ದಳಂತೆ. "ಊಟದ್ ಚಿಂತೆ ಮಾಡ್ಬೇಡ, ಸುಬ್ಬಕ್ಕ ಇತ್ತಲೆ" ಎಂಬಂಥ ಮಾತು. ಶುಕ್ರವಾರ ಸುಬ್ಬಕ್ಕ, ಹಬ್ಬಕ್ಕೆ ಸುಬ್ಬಕ್ಕ. ಆ ಮಾತು ಬಂದ ಕೂಡಲೇ ಅಮ್ಮ ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ಎದ್ದುಹೋಗುತ್ತಿದ್ದದ್ದು ನನಗೂ ನೆನಪಿದೆ. ಅಳು ಬಂದಿರಬೇಕು ಎಂದುಕೊಂಡಿದ್ದೆ ನಾನು. ಅದು ಸಿಟ್ಟು!

"ಮತ್ತೆ ಅಪ್ಪಯ್ಯ ರಜೆಯಲ್ಲಿ ಬಂದಾಗ ಕೇಳಲಿಲ್ಲವಾ ನೀನು?"

"ನಾನ್ ಕೇಂಬುದಾ? ನಂಗೆಂತ ಗತಿಗೇಡಾ? ಅವ್ರೇ ಹೇಳ್ಲಿ ಅಂದ್ಕಂಡ್ ಕೂಕಂಡೆ. ಅವ್ರ್ ಹೇಳ್ಲಿಲ್ಲೆ."

ಕೇಳದೆ ಇದ್ದಳು, ಸರಿ. ಆದರೆ ಸುಬ್ಬಕ್ಕನನ್ನು ಬಿಟ್ಟಿರಲಿಲ್ಲ. ಅಂಕೋಲದ ಕಡೆಯ ವಿಧವೆ, ಕಪ್ಪು, ದೊಡ್ಡ ಮೂಗುತಿ, ಮೀನಿನ ಸಾರಿಗೆ ಒಳ್ಳೆಯ ಕೈ. ಇಷ್ಟನ್ನು ಅಮ್ಮ ತಾನೇ ಮನಸ್ಸಿನಲ್ಲಿ ಮಾಡಿಟ್ಟುಕೊಂಡಿದ್ದಳು. ಅಪ್ಪಯ್ಯ ಬರುವ ದಿನಗಳಲ್ಲಿ ನಮ್ಮ ಮನೆಯ ಸಾರಿಗೆ ತೆಂಗಿನಕಾಯಿ ಹೆಚ್ಚಾಗುತ್ತಿದ್ದದ್ದು ಅವಳನ್ನು ಸೋಲಿಸಲಿಕ್ಕಂತೆ. ನಮ್ಮ ಜೊತೆಗೆ ಸುಬ್ಬಕ್ಕನಿಗೂ ವಯಸ್ಸಾಗುತ್ತಾ ಬಂದಿತ್ತು. "ಈಗ ಅವ್ಳಿಗೂ ಮಂಡಿನೋವ್ ಬಂದಿರ್ಕ್. ಒಂದ್ ಸಲ ಕಾಣ್ಕ್ ಹೆಣ್ಣೆ, ಮೋರೆ ಕಂಡ್ರೆ ನಂಗೆ ತಿಳೀತ್, ಅವ್ರ್ ನನ್ನವ್ರಾಯೇ ಇದ್ರಾ ಇಲ್ಯಾ ಅಂತ" ಎಂದಳು.

ಅದಕ್ಕಾಗಿಯೇ ಅಮ್ಮ ಬಂದದ್ದು. ಎತ್ತರದ ಕಟ್ಟಡ ಯಾರಿಗೆ ಬೇಕಿತ್ತು? ನನಗೆ ಅಪ್ಪಯ್ಯನ ಮೇಲೆ ಉರಿದುಹೋಯಿತು. ಸತ್ತವರನ್ನು ಬೈಯಬಾರದು ಎನ್ನುತ್ತಾರೆ, ನಾನು ಮನಸ್ಸಿನಲ್ಲಿ ಬೈದೆ. ಆದರೂ ಅಮ್ಮನಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಅಪ್ಪಯ್ಯನ ರೂಮು ಇದ್ದದ್ದು ದೇರಾದಲ್ಲಿ, ಆಕೆಯೂ ಅಲ್ಲೇ ಎಲ್ಲೋ ಇರಬೇಕು ಎಂದು ಮಾರನೆಯ ದಿನವೇ ಹೊರಟೆವು.

ಮೊದಲು ಬರ್ ದುಬೈಯ ದೇವಸ್ಥಾನದ ಓಣಿ. ಹೂವು, ಊದುಬತ್ತಿ ಮಾರುವ ಆ ಇಕ್ಕಟ್ಟಿನಲ್ಲಿ ಅಮ್ಮ ಕೈ ಮುಗಿದು ಬಹಳ ಹೊತ್ತು ನಿಂತಳು. ಏನು ಬೇಡಿಕೊಂಡಳೋ, ಕೇಳುವ ಧೈರ್ಯ ನನಗಾಗಲಿಲ್ಲ. ಅಲ್ಲಿಂದ ಬಟ್ಟೆ ಬಜಾರು ದಾಟಿದರೆ ಕ್ರೀಕ್, ಊರನ್ನು ಎರಡು ಮಾಡಿ ಒಳನುಗ್ಗಿದ ಸಮುದ್ರದ ನೀರು. ಆಚೆ ದಡವೇ ದೇರಾ. ದಾಟಲು ಅಬ್ರಾ ಎಂಬ ಮರದ ದೋಣಿಗಳು. ನೀರಿನ ಮೇಲೆ ಬಿಳಿ ಹಕ್ಕಿಗಳು, ಆಚೆ ಹಾಯಿ ಇಳಿಸಿ ನಿಂತ ಮರದ ಹಡಗುಗಳು. ಮಾಲಿನಲ್ಲಿ ಬಾಯಿ ಬಿಡದ ಅಮ್ಮ ಇಲ್ಲಿ "ಅಬ್ಬಾ!" ಎಂದಳು. "ಗಂಗೊಳ್ಳಿ ಹೊಳಿಯಂಗೇ ಇತ್ತಲೇ!"

ಆಗಲೇ ದೋಣಿಯವನೊಬ್ಬ ಜನ ತುಂಬಿಸಲು ಕೂಗತೊಡಗಿದ. "ಸಬ್ಕಾ! ಸಬ್ಕಾ! ಸಬ್ಕಾ!"

ಅಮ್ಮ ನನ್ನ ಮೊಣಕೈ ಹಿಡಿದಳು. ಹಿಡಿದ ಬಿಗಿಗೆ ಬಳೆ ಚರ್ಮಕ್ಕೆ ಒತ್ತಿತು.

"ಅಂವ ಎಂತ ಕೂಗುದ್?"

"ಸಬ್ಖಾ ಅಮ್ಮ. ಆಚೆ ದಡದ ಜಾಗದ ಹೆಸರು, ಅಲ್ಲಿ ಬಸ್‌ಸ್ಟ್ಯಾಂಡ್..." ಎನ್ನುತ್ತಿದ್ದ ಹಾಗೆ ನನ್ನ ನಾಲಿಗೆಯೂ ನಿಂತಿತು. ಆ ಬೋರ್ಡನ್ನು ಎಷ್ಟೋ ಸಲ ಓದಿದ್ದೆ, ಆ ಬಸ್‌ಸ್ಟ್ಯಾಂಡಿನಲ್ಲಿ ಎಷ್ಟೋ ಸಲ ಇಳಿದಿದ್ದೆ. ಒಂದು ದಿನವೂ ನಮ್ಮ ಅಪ್ಪಯ್ಯನ ಬಾಯಿಂದ ಅದನ್ನು ಹೇಳಿಸಿ ನೋಡಿರಲಿಲ್ಲ. ಈಗ ಮನಸ್ಸಿನಲ್ಲೇ ಹೇಳಿಸಿದೆ. ನಮ್ಮ ಕಡೆಯವರು ಮಾತಿನ ತುದಿಯನ್ನು ಕಡಿದೇ ಆಡುವುದು. ಸಬ್ಕಕ್ಕೆ ಹೋದೆ ಎನ್ನುವುದಿಲ್ಲ. "ಸಬ್ಕಕ್ಕ್ ಹೋಯಿ ಉಂಡ್ಕಂಡ್ ಬಂದೆ." ಹಿಂದೆ ಫ್ಯಾನಿನ ಗರಗರ, ಸವೆದ ಟೇಪು. ಸಬ್ಕಕ್ಕ್. ಸುಬ್ಬಕ್ಕ. ಅಯ್ಯೋ ದೇವರೇ!

ಹೇಳಿದೆ. ಎರಡು ಸಲ ಹೇಳಿಸಿಕೊಂಡಳು. ಆಮೇಲೆ ತಾನೇ ಅಂದು ನೋಡಿದಳು, ಮೆಲ್ಲಗೆ, "ಸಬ್ಕಕ್ಕ್ ಹೋಯಿ..." ಎಂದು. ದೋಣಿ ಹೊರಟಿತ್ತು. ನೀರಿನ ನಡುವೆ ಅಮ್ಮನಿಗೆ ನಗು ಬಂತು ನೋಡಿ! ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗಾಯಿತು ನಮ್ಮ ಕಥೆ. "ಮೂವತ್ತ್ ವರ್ಷ! ಒಂದ್ ಬಸ್‌ಸ್ಟ್ಯಾಂಡಿನ್ ಮೇಲೆ ಹೊಟ್ಟಿ ಉರ್ಸ್ಕಂಡ್ ಕೂತಿದ್ನಲೇ ಮಾರಾಯ್ತಿ!" ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದ ಪಠಾಣರು, ಬಂಗಾಳಿಗಳೆಲ್ಲ ತಿರುಗಿ ನೋಡಿದರು, ಏನೆಂದು ತಿಳಿಯದೆ ಅವರೂ ನಕ್ಕರು. ಸುಳ್ಳೇಕೆ, ನಾನು ಬೆರಗಾಗಿ ಕೂತುಬಿಟ್ಟೆ. ಒಂದು ಅಕ್ಷರ ಆಚೀಚೆಯಾದದ್ದಕ್ಕೆ ಹೆಂಗಸೊಬ್ಬಳು ಹುಟ್ಟಿ, ಮೂಗುತಿ ಹಾಕಿಕೊಂಡು, ನಮ್ಮ ಮನೆಯ ಸಾರಿನ ರುಚಿ ಬದಲಿಸಿ, ಮುದುಕಿಯಾಗಿ, ಇದೋ ಈ ನೀರಿನಲ್ಲಿ ಇಲ್ಲವಾಗಿ ಹೋದಳಲ್ಲ! ಎಂಥ ವಿಚಿತ್ರ ಇದು ಎಂದು ರೋಮ ನಿಂತಿತು.

ಸಬ್ಖಾದಲ್ಲಿ ಇಳಿದಾಗ ಅಮ್ಮನ ನಡಿಗೆಯೇ ಬೇರೆಯಾಗಿತ್ತು. ಮದುವೆಮನೆಗೆ ಹೊರಟವಳ ಹಾಗೆ ನನಗಿಂತ ಮುಂದೆ ನಡೆದಳು. ಅಪ್ಪಯ್ಯ ಉಣ್ಣುತ್ತಿದ್ದ ಜಾಗವನ್ನೊಂದು ನೋಡಿಯೇ ಬಿಡುವ ಎಂದಳು. ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅತ್ತರಿನ ಅಂಗಡಿಯೊಂದಿತ್ತು. ಒಳಗಿದ್ದ ಬಿಳಿಗಡ್ಡದ ಯಜಮಾನರು ಭಟ್ಕಳದವರು, ನಮ್ಮ ಕನ್ನಡ ಕೇಳಿದ್ದೇ ಕುರ್ಚಿ ಎಳೆದುಕೊಟ್ಟರು. ಹಳೆಯ ಕಾಲದ ನಮ್ಮವರ ಮೆಸ್ಸು ಇಲ್ಲೆಲ್ಲಾದರೂ ಇತ್ತೇ ಎಂದು ಕೇಳಿದೆ.

"ಇತ್ತಲ್ಲಮ್ಮ, ಇದೇ ಬಿಲ್ಡಿಂಗಿನ ಮೇಲೆ. ನಮ್ಮ ಕರಾವಳಿಯವರೆಲ್ಲ ಅಲ್ಲೇ ಬರೋದು. ಈಗ ಖಲಾಸ್. ಮೊಬೈಲ್ ರಿಪೇರಿಯವರು ಇದ್ದಾರೆ."

"ಊಟ ಲಾಯ್ಕಿರ್ತಿತ್ತಾ?" ಅಮ್ಮ ಕೇಳಿದಳು. ಮುಖದ ತುಂಬಾ ನಗು.

ಅವರು ಕೈಯಲ್ಲಿದ್ದ ಅತ್ತರಿನ ಸೀಸೆಯನ್ನು ಕೆಳಗಿಟ್ಟರು. "ಹೊಟ್ಟೆ ತುಂಬ್ತಿತ್ತಮ್ಮ. ಅನ್ನ, ನೀರು ನೀರು ಸಾರು. ಕೂರೋಕೆ ಜಾಗ ಎಲ್ಲಿ? ಗೋಡೆಗೆ ಹಲಗೆ ಹೊಡೆದಿದ್ರು, ಅದರ ಮೇಲೆ ತಟ್ಟೆ ಇಟ್ಕೊಂಡು ನಿಂತೇ ತಿನ್ನೋದು. ಹಿಂದೆ ಲೈನು ನಿಂತಿರ್ತಿತ್ತು, ಯಲ್ಲಾ ಯಲ್ಲಾ, ಬೇಗ ಬೇಗ ಅಂತ ಬೆನ್ನಿಗೆ ಮುಟ್ಟೋರು. ಈದ್ ಇರ್ಲಿ, ದೀಪಾವಳಿ ಇರ್ಲಿ, ಅದೇ."

"ಬಡ್ಸುಕೆ ಹೆಂಗ್ಸ್ರ್ ಯಾರೂ ಇರ್ಲಿಲ್ಯಾ?"

"ಹೆಂಗಸರಾ? ಇಲ್ಲಿ ಆಗ ಎಲ್ಲಮ್ಮ ಹೆಂಗಸರು. ಯಾರೂ ಇಲ್ಲ."

ಅವರು ಚಹಾ ತರಿಸಿದರು. ಅಮ್ಮ ಲೋಟ ಮುಟ್ಟಲಿಲ್ಲ. ಹೊರಗೆ ಬಂದು, ಆ ಕಟ್ಟಡದ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿದಳು. ಗಂಡಸರು ಇಳಿಯುತ್ತಿದ್ದರು, ಹತ್ತುತ್ತಿದ್ದರು, ಯಾರ ಕಣ್ಣೂ ಯಾರ ಮೇಲೂ ಇರಲಿಲ್ಲ. ನಗು ಯಾವಾಗ ಹೋಗಿತ್ತೋ, ಅಮ್ಮನ ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು. ಇನ್ಯಾಕಮ್ಮ ಅಳುವುದು, ಅಪ್ಪಯ್ಯ ನಿನ್ನವರೇ ಅಂತ ಗೊತ್ತಾಯಿತಲ್ಲ ಎಂದೆ.

"ಅವ್ರಿಗೆ ಕಾಮಾಲೆ ಆದ್ ವರ್ಷ ನಾನ್ ಊರಲ್ಲಿ ಧೈರ್ಯದಲ್ಲಿದ್ದೆ ಹೆಣ್ಣೆ" ಎಂದಳು. "ಗಂಜಿ ಮಾಡಿ ಹಾಕುಕೆ ಸುಬ್ಬಕ್ಕ ಇತ್ತಲೆ ಅಂದ್ಕಂಡ್." ಸೆರಗಿನಿಂದ ಮುಖ ಒರೆಸಿಕೊಂಡಳು. "ಅವ್ಳೊಬ್ಳ್ ಇರ್ಬೇಕಿತ್ತ್."