ಕತ್ತರಿ ಮಾವ ಮತ್ತು ಮೇಸ್ತ್ರಿಯ ಮಾತ್ರೆ

ಬೀದಿಯ ಮಕ್ಕಳೆಲ್ಲ ಆ ಕ್ಷೌರಿಕರನ್ನು ಕತ್ತರಿ ಮಾವ ಎಂದೇ ಕರೆಯುತ್ತಿದ್ದರು. ಮಕ್ಕಳ ಕೂದಲು ಕತ್ತರಿಸುವುದೆಂದರೆ ಹುಡುಗಾಟದ ಮಾತಲ್ಲ. ಬೇರೆ ಅಂಗಡಿಯಲ್ಲಿ ಮುಗಿಲು ಮುಟ್ಟುವಂತೆ ಅರಚಿದ ಮಗು ಇವರ ಕುರ್ಚಿಯ ಮೇಲೆ ತೆಪ್ಪಗೆ ಕೂರುತ್ತಿತ್ತು. ಅದಕ್ಕೆ ಅವರದೊಂದು ಪದ್ಧತಿ ಇತ್ತು. ಕತ್ತರಿಯನ್ನು ಎಂದೂ ಬೆನ್ನ ಹಿಂದೆ ಬಚ್ಚಿಡುತ್ತಿರಲಿಲ್ಲ. ಮೊದಲು ಮಗುವಿನ ಕಣ್ಣೆದುರು ಹಿಡಿದು, ಗಾಳಿಯಲ್ಲಿ ಚಿಕ್ ಚಿಕ್ ಅನ್ನಿಸಿ, "ಇದು ಕತ್ತರಿ. ಕೂದಲು ಮಾತ್ರ ತಿನ್ನುತ್ತೆ. ಕಿವಿ ಹತ್ರ ಬಂದಾಗ ತಣ್ಣಗಾಗುತ್ತೆ, ಆಯ್ತಾ?" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ, ಆಮೇಲೆ ತಲೆಗೆ ಕೈ ಹಾಕುತ್ತಿದ್ದರು.

ಇಂಥ ಮನುಷ್ಯ ಬೆಕ್ಕಿನ ವಿಷಯದಲ್ಲಿ ಎಡವಿಬಿಟ್ಟರು ನೋಡಿ.

ಅಂಗಡಿಯ ಮೂಲೆಯ ಹರಕು ಕುರ್ಚಿ ಒಂದು ಬೂದು ಬೆಕ್ಕಿನ ಸ್ವತ್ತು. ಹೆಸರು ಮೇಸ್ತ್ರಿ. ತಾನು ಕಡ್ಡಿ ಎತ್ತಿಡದೆ ಇಡೀ ದಿನ ಬೇರೆಯವರ ಕೆಲಸ ನೋಡುತ್ತಾ ಕೂರುವವನಿಗೆ ಇನ್ನೇನು ಹೆಸರಿಡುತ್ತಾರೆ? ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರೂ ಬಂದವರು ಯಾರೆಂದು ಅದು ಎದುರಿನ ಕನ್ನಡಿಯಲ್ಲೇ ನೋಡಿಕೊಳ್ಳುತ್ತಿತ್ತು. ಅದೇ ಕನ್ನಡಿಯಲ್ಲಿ ತನ್ನ ಮುಖ ಕಂಡರೆ ಮಾತ್ರ ಕ್ಯಾರೇ ಅನ್ನುತ್ತಿರಲಿಲ್ಲ. "ನಮ್ಮನ್ನೆಲ್ಲ ಗುರುತು ಹಿಡಿಯುತ್ತೆ, ತನ್ನನ್ನ ಹಿಡಿಯಲ್ಲ. ಒಳಗೊಳಗೇ ಏನು ಯೋಚನೆ ಮಾಡುತ್ತೋ ಮಾರಾಯ!" ಎಂದು ಮಾವ ಗಿರಾಕಿಗಳ ಗಲ್ಲಕ್ಕೆ ನೊರೆ ಹಚ್ಚುತ್ತಲೇ ತಲೆ ಕೆಡಿಸಿಕೊಳ್ಳುತ್ತಿದ್ದರು.

ಆ ಮೇಸ್ತ್ರಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಪಶುವೈದ್ಯೆ ಮಾತ್ರೆ ಬರೆದುಕೊಟ್ಟು, "ಇದು ತಪ್ಪದೆ ಹೊಟ್ಟೆಗೆ ಹೋಗ್ಬೇಕು. ಊಟ ಬಿಡದ ಹಾಗೂ ನೋಡ್ಕೊಳ್ಳಿ. ಈ ಸ್ಥಿತೀಲಿ ಊಟ ಬಿಟ್ರೆ ಉಳಿಯೋದು ಕಷ್ಟ" ಎಂದರು.

ಮಾವ ಹೆದರಿಬಿಟ್ಟರು. ಹೆದರಿದವರಿಗೆ ಅಡ್ಡದಾರಿಯೇ ಮೊದಲು ಹೊಳೆಯುವುದು. ಮಾತ್ರೆ ಪುಡಿ ಮಾಡಿ ಹಾಲಿಗೆ ಬೆರೆಸಿದರು. ಮೇಸ್ತ್ರಿ ಒಂದು ಸಲ ನೆಕ್ಕಿತು, ತಟ್ಟೆಯನ್ನು ನೋಡಿತು, ಮಾವನನ್ನು ನೋಡಿತು, ಎದ್ದು ಹೋಯಿತು. ಮೀನಿನ ತುಂಡಿನೊಳಗೆ ಹುದುಗಿಸಿಟ್ಟರು. ಮೀನು ತಿಂದು ಮಾತ್ರೆಯನ್ನು ನೆಲಕ್ಕೆ ಉಗಿಯಿತು. ಅಲ್ಲಿಂದಾಚೆಗೆ ತಟ್ಟೆ ಕಂಡರೆ ಸಾಕು, ಮೂಸುವುದು, ಹಿಂದೆ ಸರಿಯುವುದು. ಬರೀ ಹಾಲಿಟ್ಟರೂ ಅಷ್ಟೇ. ಸವರಿದರೆ ಬೆನ್ನುಮೂಳೆ ಕೈಗೆ ಸಿಗತೊಡಗಿತು.

"ಅದರ ಒಳ್ಳೇದಕ್ಕೇ ತಾನೇ ನಾನು ಸಾಯ್ತಿರೋದು? ಯಾಕೆ ತಲೆಗೆ ಹೋಗಲ್ಲ ಇದಕ್ಕೆ?" ಮಾವ ಅಳುವುದೊಂದು ಬಾಕಿ.

ಅಂಗಡಿಯ ಹಿಂಬದಿಯೇ ಮನೆ. ಟವೆಲ್ ಮಡಿಸುತ್ತಿದ್ದ ಹೆಂಡತಿಗೆ ರೇಗಿಹೋಯಿತು. "ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡಿಯುತ್ತೆ ಅಂತಾರಲ್ಲಾ, ಇಲ್ಲಿ ಕಣ್ಮುಚ್ಕೊಂಡು ಹಾಲು ಇಟ್ಟೋರು ನೀವು! ಅದಕ್ಕೆ ಗೊತ್ತಾಗಲ್ಲ ಅಂದ್ಕೊಂಡ್ರಾ? ಕಂಡೋರ ಮಕ್ಕಳಿಗೆಲ್ಲ ಕತ್ತರಿ ತೋರಿಸ್ತೀರ, ನಮ್ಮನೆ ಮಗೂಗೆ ಮಾತ್ರೆ ಬಚ್ಚಿಡ್ತೀರಾ?"

ಮಾವ ಪೆಚ್ಚಾದರು. ಮೇಸ್ತ್ರಿಯನ್ನೆತ್ತಿಕೊಂಡು ಅಂಗಡಿಗೆ ಬಂದು, ಮಕ್ಕಳನ್ನು ಕೂರಿಸುವ ಹಲಗೆಯನ್ನು ಕುರ್ಚಿಯ ಕೈಗಳ ಮೇಲಿಟ್ಟು ಅದರ ಮೇಲೆ ಕೂರಿಸಿದರು. ಒಗೆದ ಬಟ್ಟೆ ಕೊಡವಿ ಕುತ್ತಿಗೆಯ ಸುತ್ತ ಹೊದಿಸಿದರು. ಕತ್ತರಿಯನ್ನು ಗಾಳಿಯಲ್ಲಿ ಚಿಕ್ ಚಿಕ್ ಅನ್ನಿಸಿ, ಮಾತ್ರೆಯನ್ನು ಮೂಗಿನ ಮುಂದೆಯೇ ಹಿಡಿದರು. "ಇದು ಮಾತ್ರೆ. ಕಹಿ ಇದೆ. ಕಹಿ ಅಂತಾನೇ ಹೇಳ್ತಿದೀನಿ."

"ಅದಕ್ಕೇನು ಅರ್ಥ ಆಗುತ್ತೆ ಮಾವಾ?" ಪಕ್ಕದ ಕುರ್ಚಿಯಲ್ಲಿ ಅರ್ಧ ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು ಕಾಯುತ್ತಿದ್ದ ಗಿರಾಕಿ ನಕ್ಕ.

"ಮಾತು ಅರ್ಥ ಆಗಲ್ಲಪ್ಪ. ಬಚ್ಚಿಡ್ತಿಲ್ಲ ಅನ್ನೋದು ಕಾಣುತ್ತಲ್ಲ."

ಗಡ್ಡ ಹೆರೆಯುವಾಗ ಗದ್ದ ಎತ್ತುವಂತೆಯೇ ಎರಡು ಬೆರಳಲ್ಲಿ ಗದ್ದ ಎತ್ತಿ, ಮಾತ್ರೆಯನ್ನು ನಾಲಿಗೆಯ ಹಿಂಬದಿಗೆ ಸೇರಿಸಿ, ಗಂಟಲು ನೀವಿದರು. ಹೊದಿಕೆಯಿಂದ ನುಸುಳಿದ ಒಂದು ಪಂಜ ಹೆಬ್ಬೆರಳನ್ನು ಸಿಗಿಯಿತು. "ನಿನ್ನ ಸಿಟ್ಟು ನ್ಯಾಯವೇ ಬಿಡಪ್ಪ" ಎನ್ನುತ್ತಾ ಗಾಯಕ್ಕೆ ಪಟಿಕ ಉಜ್ಜಿಕೊಂಡರು. ಊಟದ ತಟ್ಟೆಯನ್ನು ದೂರದ ಇನ್ನೊಂದು ಮೂಲೆಗೆ ಒಯ್ದರು. ಮಾತ್ರೆ ಬೇರೆ, ಊಟ ಬೇರೆ.

ಅಂದು ಮೇಸ್ತ್ರಿ ಮೂಸಿ ಸುಮ್ಮನಾಯಿತು. ಮರುದಿನ ಬಹಳ ಹೊತ್ತು ಮೂಸಿ, ಅನುಮಾನದಿಂದಲೇ ಒಂದಿಷ್ಟು ನೆಕ್ಕಿತು. ಮಾವ ಅವಸರ ಮಾಡಲಿಲ್ಲ, ಒಮ್ಮೆಯೂ ಗದರಲಿಲ್ಲ. ಮನುಷ್ಯರ ಮುಂದೆಯೇ ತಪ್ಪೊಪ್ಪಿಕೊಳ್ಳದವರು ತುಂಬಿರುವ ಲೋಕದಲ್ಲಿ, ಒಂದು ಬೆಕ್ಕಿನ ನಂಬಿಕೆಗಾಗಿ ಹೊತ್ತು ಹೊತ್ತಿಗೂ ಪರಚಿಸಿಕೊಂಡ ಆ ಮನುಷ್ಯನಿಗೆ ನಿಜಕ್ಕೂ ಕೈ ಮುಗಿಯಬೇಕು.

ಹೀಗೇ ಒಂದು ಬೆಳಿಗ್ಗೆ ಕತ್ತರಿ ಚಿಕ್ ಚಿಕ್ ಎಂದಾಗ ಮೇಸ್ತ್ರಿ ತಾನಾಗಿಯೇ ಹಲಗೆಗೆ ಹತ್ತಿತು. ಕಿವಿ ಹಿಂದಕ್ಕೆ ಮಡಚಿ ಗುರುಗುಟ್ಟುತ್ತಲೇ ಮಾತ್ರೆ ನುಂಗಿತು. ಧುಮುಕಿ ತಟ್ಟೆಯ ಕಡೆ ನಡೆಯಿತು. ಮಾವ ತಿರುಗಿ ನೋಡುವ ಧೈರ್ಯ ಸಾಲದೆ, ಒರೆಸುವ ಬಟ್ಟೆ ಹಿಡಿದು ಕನ್ನಡಿಯ ಮುಂದೆ ನಿಂತು, ಮೇಸ್ತ್ರಿಯ ಹಾಗೆಯೇ ಕನ್ನಡಿಯಲ್ಲೇ ನೋಡಿದರು.

"ಏನ್ರೀ, ಏನಾದ್ರೂ ತಿಂತಾ?" ಒಳಗಿನಿಂದ ಹೆಂಡತಿ ಕೂಗಿದರು.

ಮಾವ ಕನ್ನಡಿ ಬಿಟ್ಟು ಕಣ್ಣೊರೆಸಿಕೊಂಡರು. "ತಿಂತಿದೆ ಕಣೇ" ಎಂದರು. "ಮೂಸ್ಲೇ ಇಲ್ಲ."