ದೊಡ್ಡಪ್ಪನ ಹೆಸರಲ್ಲಿ ಬಿಟ್ಟ ನೀರು

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ ನಮ್ಮ ಅಪ್ಪನಿಗೆ ಎರಡು ಹೆಸರಿದ್ದವು. ಮನೆಯಲ್ಲಿ ಅಜ್ಜಿ ಕರೆಯುತ್ತಿದ್ದುದು ಒಂದು, ಕಚೇರಿಯವರು ಕರೆಯುತ್ತಿದ್ದುದು ಇನ್ನೊಂದು. ನನಗೆ ಅದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ಮನೆಗೊಂದು ಲುಂಗಿ, ಕೆಲಸಕ್ಕೊಂದು ಇಸ್ತ್ರಿ ಮಾಡಿದ ಪ್ಯಾಂಟು ಇರುವ ಹಾಗೆ ದೊಡ್ಡವರಿಗೆ ಹೆಸರೂ ಎರಡಿರುತ್ತವೆ ಎಂದುಕೊಂಡಿದ್ದೆ.

ಕಳೆದ ವಾರ ಟಿವಿಯಲ್ಲಿ ಒಬ್ಬ ದೊಡ್ಡ ವಂಚಕನ ಸುದ್ದಿ ಬಂದಿತ್ತು. ಯಾವುದೋ ದೇಶದಲ್ಲಿ, ಸಮುದ್ರದ ಪಕ್ಕ ಬಂಗಲೆ ಕಟ್ಟಿಕೊಂಡು ಸುಖವಾಗಿದ್ದಾನಂತೆ. "ಸಿಗಲೇ ಇಲ್ಲ ಅಂದ್ರ ಅಂವ ಗೆದ್ದಂಗೇ ಅಲ್ಲೇನು ತಾತಾ?" ಎಂದು ನಿಮ್ಮಲ್ಲೊಬ್ಬರು ಕೇಳಿದಿರಿ. ಆಗ ನಾನು ಎದ್ದು ಕೈ ತೊಳೆಯಲು ಹೋದೆ. ಒಂದು ದಿನ ನಾನು ಕಂಡದ್ದನ್ನು, ಕಂಡಷ್ಟನ್ನೇ, ಈಗ ಬರೆಯುತ್ತೇನೆ.

ನಾವಾಗ ಹೈದರಾಬಾದಿನ ಕುಷಾಯಿಗೂಡದಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಶಾಂತ ಸ್ವಭಾವ, ಮುತ್ತಿನಂಥ ಅಕ್ಷರ. ಒಂದೇ ಒಂದು ದೋಷವೆಂದರೆ, ಯಾರಾದರೂ ಕಚೇರಿಯ ಹೆಸರು ಹಿಡಿದು ಕರೆದರೆ ಅರೆಕ್ಷಣ ತಡವಾಗಿ ತಿರುಗುತ್ತಿದ್ದರು. ಜೊತೆಯವರು ಅವರಿಗೆ 'ನಿದ್ದೆ ಸಾಹೇಬ್' ಎಂದೇ ಹೆಸರಿಟ್ಟಿದ್ದರು. "ಕ್ಯಾ ಸಾಬ್, ಫಿರ್ ಸೋ ಗಯೇ?" ಎಂದು ಅವರು ಕೆಣಕಿದಾಗ ಅಪ್ಪನೂ ನಗುತ್ತಿದ್ದರು. ಆ ನಗು ಬೇಗ ಮುಗಿದುಬಿಡುತ್ತಿತ್ತು.

ಆ ಚಳಿಗಾಲ ಅಜ್ಜಿ ಹಾಸಿಗೆ ಹಿಡಿದಳು. ಸುದ್ದಿ ತಿಳಿದು ಬೀದರ ಕಡೆಯ ನಮ್ಮ ಊರಿನಿಂದ ದೊಡ್ಡಪ್ಪ ಬಂದರು. ಅಪ್ಪನ ಅಣ್ಣ. ತೆಳ್ಳಗೆ, ಉದ್ದಕ್ಕೆ ಇದ್ದರು. ಊರಲ್ಲಿ ಅವರು ಬೇರೆಯವರ ಹೊಲದಲ್ಲಿ ದುಡಿಯುತ್ತಿದ್ದರು. ಸಂಜೆ ಗುಡಿಯ ಕಟ್ಟೆಯ ಮೇಲೆ ಇದ್ದಿಲಿನಿಂದ ಬರೆದು ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರಂತೆ, ಬೆರಳ ತುದಿಯ ಗೆರೆಗಳಲ್ಲಿ ಕಪ್ಪು ಕೂತುಬಿಟ್ಟಿತ್ತು. ಜೋಳದ ಹಿಟ್ಟಿನ ಚೀಲ, ಕುಸುಬಿ ಎಣ್ಣೆಯ ಬಾಟಲಿ ತಂದಿದ್ದರು. ಮೂರು ದಿನ ಆ ಎಣ್ಣೆಯನ್ನು ಬೆಚ್ಚಗೆ ಮಾಡಿ ಅಜ್ಜಿಯ ಪಾದ ತಿಕ್ಕಿದರು. ಮನೆಯೆಲ್ಲ ಅದೇ ವಾಸನೆ. ಅಮ್ಮ ಮಾತ್ರ ಅಕ್ಕನನ್ನೂ ನನ್ನನ್ನೂ ಅಡಿಗೆಮನೆಗೆ ಕರೆದು, "ಯಾರರ ಕೇಳಿದ್ರ ಊರಿನವರು ಅನ್ರಿ. ದೊಡ್ಡಪ್ಪ ಅನಬ್ಯಾಡ್ರಿ" ಎಂದು ಹೇಳಿಟ್ಟಿದ್ದಳು.

ನಾಲ್ಕನೆಯ ದಿನ ಬೆಳಿಗ್ಗೆ, ಹಾಲಿನವನು ಬರುವ ಹೊತ್ತಿಗೆ, ಅಜ್ಜಿ ಕಣ್ಣು ತೆರೆದಳು. ತನ್ನ ಇಬ್ಬರು ಗಂಡುಮಕ್ಕಳ ಕೈಯನ್ನೂ ಹುಡುಕಿ ಹಿಡಿದುಕೊಂಡಳು. "ಎಳ್ಳುನೀರು ಇಬ್ಬರೂ ಬಿಡ್ರಪಾ. ನಿಮ್ಮ ನಿಮ್ಮ ಹೆಸರು ಹೇಳಿ ಬಿಡ್ರಿ. ಹೆಸರಿಲ್ಲದ ನೀರು ನನಗ ಮುಟ್ಟಂಗಿಲ್ಲ" ಎಂದಳು. ದೊಡ್ಡಪ್ಪ ಹೂಂ ಎಂದರು. ಅಪ್ಪ ಇನ್ನೊಂದು ಕೈಯಿಂದ ಅವಳ ಹೊದಿಕೆ ಸರಿಮಾಡತೊಡಗಿದರು. ಬಿಸಿಲು ಕಿಟಕಿಗೆ ಬರುವಷ್ಟರಲ್ಲಿ ಅಜ್ಜಿ ಹೋಗಿದ್ದಳು.

ಹಿತ್ತಿಲಲ್ಲಿ ನೀರಿನ ಡ್ರಮ್ಮಿನ ಹಿಂದೆ ಕೂತು ಅಕ್ಕ ಅಳುತ್ತಿದ್ದಳು. ನನಗಿಂತ ನಾಲ್ಕು ವರ್ಷ ದೊಡ್ಡವಳು.

"ಹೆಸರು ಹೇಳಾಕ ಅಪ್ಪಗ ಏನು ಕಷ್ಟ?" ಎಂದು ಕೇಳಿದೆ.

"ನಿನಗ ಇನ್ನಾ ಗೊತ್ತಿಲ್ಲೇನು? ಅಪ್ಪಂದು ಕಚೇರಿ ಹೆಸರು ಐತೆಲ್ಲ, ಅದು ಅಪ್ಪಂದಲ್ಲ. ದೊಡ್ಡಪ್ಪಂದು."

ಅವಳು ಬಿಕ್ಕುತ್ತ ಹೇಳಿದ್ದು ಇಷ್ಟು. ದೊಡ್ಡಪ್ಪ ಮೆಟ್ರಿಕ್‌ನಲ್ಲಿ ಮೊದಲ ದರ್ಜೆ. ಅಪ್ಪ ಎರಡು ಸಲ ಫೇಲು. ದೊಡ್ಡಪ್ಪನಿಗೆ ಸ್ಕೂಲ್ ಮಾಸ್ತರನಾಗುವ ಆಸೆ. ಅವರು ಜ್ವರದಲ್ಲಿ ಮಲಗಿದ್ದಾಗ ಅಪ್ಪ ಟ್ರಂಕು ತೆರೆದು ಅವರ ಸರ್ಟಿಫಿಕೇಟು ತೆಗೆದುಕೊಂಡು ಹೈದರಾಬಾದಿಗೆ ಬಂದರು. ಅಣ್ಣನ ಹೆಸರು ಹೇಳಿ ಕೆಲಸಕ್ಕೆ ಸೇರಿದರು. ದೊಡ್ಡಪ್ಪನಿಗೆ ಗೊತ್ತಾದದ್ದು ಆರು ತಿಂಗಳ ಮೇಲೆ. ದೂರು ಕೊಟ್ಟರೆ ತಮ್ಮ ಜೈಲಿಗೆ. ಅಜ್ಜಿ ದೊಡ್ಡಪ್ಪನ ಕಾಲು ಹಿಡಿದುಕೊಂಡಳಂತೆ, ಹೆತ್ತ ತಾಯಿ. ಅವರು ಸುಮ್ಮನಾದರು. ಒಂದು ಹೆಸರಿಗೆ ಎರಡು ಸರ್ಕಾರಿ ಕೆಲಸ ಸಿಗುವಂತಿರಲಿಲ್ಲ, ಆದ್ದರಿಂದ ಮಾಸ್ತರರಾಗುವುದು ಅಲ್ಲಿಗೆ ಮುಗಿಯಿತು.

"ಹಂಗಾದ್ರ ಅಪ್ಪ ಕಳ್ಳ..." ಎನ್ನುತ್ತಿದ್ದಂತೆ ಅಕ್ಕ ನನ್ನ ಬಾಯಿ ಮುಚ್ಚಿದಳು. ಅವಳ ಅಂಗೈಯಲ್ಲಿ ಊದುಬತ್ತಿಯ ವಾಸನೆಯಿತ್ತು.

ಹತ್ತು ಗಂಟೆಗೆ ಕಚೇರಿಯವರು ಬಂದರು. ಒಳ್ಳೆಯ ಜನ. ಚಟ್ಟ ಕಟ್ಟಲು ಕೈ ಹಚ್ಚಿದರು, ಹೂ ತಂದರು, ಹೆಗಲು ಕೊಟ್ಟರು. ಸ್ಮಶಾನ ಕೆರೆಯ ದಂಡೆಯಲ್ಲಿತ್ತು. ದಾರಿಯಲ್ಲಿ ಅಪ್ಪನ ಮೇಲಧಿಕಾರಿ ದೊಡ್ಡಪ್ಪನ ಕಡೆ ನೋಡಿ, "ಯೇ ಕೌನ್ ಬೇಟಾ?" ಎಂದು ನನ್ನನ್ನು ಕೇಳಿದರು. ದೊಡ್ಡಪ್ಪ ನಮ್ಮಿಂದ ಎರಡು ಹೆಜ್ಜೆ ಮುಂದಿದ್ದರು. ಅಮ್ಮ ಹೇಳಿಟ್ಟ ಹಾಗೆ, ಊರಿನವರು, "ಗಾಂವ್ ಕೇ ಆದ್ಮಿ" ಎಂದೆ. ದೊಡ್ಡಪ್ಪನ ನಡಿಗೆ ಒಮ್ಮೆ ತಪ್ಪಿದ್ದು, ಮತ್ತೆ ಸರಿಹೋದದ್ದು ನನಗೆ ಕಂಡಿತು.

ಕೆರೆಯ ಹತ್ತಿರ ಎಲ್ಲರೂ ಚಪ್ಪಲಿ ಬಿಟ್ಟರು. ನಾಯಿಗಳ ಕಾಟವಿತ್ತು. ಆ ಅಧಿಕಾರಿ ದೊಡ್ಡಪ್ಪನಿಗೆ ಮೆಲ್ಲಗೆ, ಮರ್ಯಾದೆಯಿಂದಲೇ, "ಬಾಬಾ, ಜರಾ ಚಪ್ಪಲಾಂ ದೇಖ್ತೇ ಬೈಠೋ" ಎಂದರು. ದೊಡ್ಡಪ್ಪ ತಲೆಯಾಡಿಸಿ ಹುಣಸೆ ಮರದ ಕೆಳಗೆ ಚಪ್ಪಲಿ ಕಾಯುತ್ತ ಕೂತರು. ತಾಯಿಯ ಚಿತೆಗೆ ಬೆಂಕಿ ಇಡಬೇಕಾದ ಹಿರಿಯ ಮಗ ಅವರು. ಬೆಂಕಿ ಇಟ್ಟದ್ದು ಅಪ್ಪ.

ಆಮೇಲೆ ಅಪ್ಪ ಕೆರೆಯಲ್ಲಿ ಮುಳುಗಿ ಒದ್ದೆಯಲ್ಲೇ ದಡಕ್ಕೆ ಬಂದರು. ಕ್ರಿಯೆ ಮಾಡಿಸುವ ಪುರೋಹಿತ, ಪಂತುಲು, ಅವರ ಅಂಗೈಗೆ ನೀರು ಹಾಕಿ ಎಳ್ಳು ಉದುರಿಸಿ, "ಮೀ ಪೇರು ಚೆಪ್ಪಂಡಿ" ಎಂದು ಹೆಸರು ಕೇಳಿದರು. ಅಪ್ಪ ನೀರನ್ನು ನೋಡಿದರು. ಎಳ್ಳು ತೇಲುತ್ತಿತ್ತು. ಪಂತುಲು ಮತ್ತೆ ಕೇಳಿದರು. ಅಪ್ಪ ಹುಣಸೆ ಮರದ ಕಡೆ ನೋಡಿದರು, ಸುತ್ತ ನಿಂತ ಕಚೇರಿಯವರನ್ನು ನೋಡಿದರು. ಮೂರನೆಯ ಸಲ ಕೇಳಿದಾಗಲೂ ಬಾಯಿ ತೆರೆಯಲಿಲ್ಲ. ನಿದ್ದೆ ಸಾಹೇಬ್ ಎನ್ನುತ್ತಿದ್ದವರು ಆಗ ಯಾರೂ ನಗಲಿಲ್ಲ. ನನಗೆ ಗೊತ್ತಿತ್ತು, ಅಪ್ಪ ತಮ್ಮ ಹೆಸರು ಹೇಳಿದರೆ ಸಂಜೆಯೊಳಗೆ ಪೊಲೀಸರು ಬರುತ್ತಾರೆ. ಹೇಳದಿದ್ದರೆ ನೀರು ಅಜ್ಜಿಗೆ ಮುಟ್ಟುವುದಿಲ್ಲ.

ಅಪ್ಪ ಕಚೇರಿಯ ಹೆಸರನ್ನೇ ಹೇಳಿದರು. ಸ್ಪಷ್ಟವಾಗಿ ಹೇಳಿದರು. ನೀರು ಬಿಟ್ಟರು.

ನಾನು ಆಗ ಮರದ ಕಡೆ ನೋಡುತ್ತಿದ್ದೆ. ತಮ್ಮ ಹೆಸರು ಕೇಳಿದೊಡನೆ ದೊಡ್ಡಪ್ಪ ಮೊಣಕಾಲ ಮೇಲಿದ್ದ ಬಲಗೈಯನ್ನು ಅಂಗಾತ ಮಾಡಿ, ನಿಧಾನವಾಗಿ ಓರೆ ಮಾಡಿದರು. ಆ ಕೈಯಲ್ಲಿ ಏನೂ ಇರಲಿಲ್ಲ. ಇದನ್ನು ನೋಡಿದ್ದು ನಾನೊಬ್ಬನೇ.

ಮಧ್ಯಾಹ್ನ ದೊಡ್ಡಪ್ಪ ಊರಿಗೆ ಹೊರಟರು. ಊರಿನವನಿಗೆ ಹತ್ತನೆಯ ದಿನದವರೆಗೆ ನಿಲ್ಲಲು ನೆಪವಿರಲಿಲ್ಲ, ತಲೆ ಬೋಳಿಸಿಕೊಂಡರೆ ಓಣಿಯವರು ಕೇಳುತ್ತಿದ್ದರು. ಬಚ್ಚಲ ಮೆಟ್ಟಿಲ ಮೇಲೆ ಅಪ್ಪ ಇನ್ನೂ ಒದ್ದೆ ಧೋತ್ರದಲ್ಲೇ ಕೂತಿದ್ದರು.

"ಊರಾಗ ಹೋಗಿ ನಾನೂ ನೀರು ಬಿಡ್ತೀನಿ. ಅವ್ವನ ಮಾತು ನಡೀತದ" ಎಂದರು ದೊಡ್ಡಪ್ಪ.

"ಎಲ್ಲಿ ನಡೀತದ? ಎರಡೂ ಸಲ ನಿನ್ನ ಹೆಸರೇ ಆತಲ್ಲ. ನಾ ಏನು ಬಿಟ್ಟೆ?"

"ಅವ್ವ ಹೆಸರು ನೋಡಂಗಿಲ್ಲೋ ತಮ್ಮಾ. ಕೈ ನೋಡ್ತಾಳ."

ಅಪ್ಪ ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು. "ಕೈ ನೋಡಿದ್ರ ಇನ್ನಾ ಕಷ್ಟ ಅಣ್ಣಾ" ಎಂದರು.

ದೊಡ್ಡಪ್ಪ ಖಾಲಿ ಚೀಲ ಮಡಚಿ ಹೆಗಲಿಗೆ ಹಾಕಿಕೊಂಡರು. ಹೋಗುವಾಗ ನನ್ನ ತಲೆ ಸವರಿದರು. ದಾರಿಯಲ್ಲಿ ನಾನು ಹೇಳಿದ ಮಾತಿನ ಬಗ್ಗೆ ಒಂದು ಶಬ್ದವನ್ನೂ ಆಡಲಿಲ್ಲ. ಆಡಿದ್ದರೆ ಇಷ್ಟು ವರ್ಷ ಅದು ನನ್ನೊಳಗೆ ಉಳಿಯುತ್ತಿರಲಿಲ್ಲವೇನೋ.

ಮರುವರ್ಷ ಅಜ್ಜಿಯ ತಿಥಿಯ ದಿನ ಅಪ್ಪ ಯಾರಿಗೂ ಹೇಳದೆ ನನ್ನೊಬ್ಬನನ್ನೇ ಕೆರೆಗೆ ಕರೆದೊಯ್ದರು. ಪಂತುಲು ಇರಲಿಲ್ಲ, ಕಚೇರಿಯವರು ಇರಲಿಲ್ಲ. ನೀರಿನ ಮೇಲೆ ಅಂತರಗಂಗೆ ಹಬ್ಬಿತ್ತು. ಅಪ್ಪ ಅದನ್ನು ಸರಿಸಿ ಬೊಗಸೆ ತುಂಬ ನೀರು ತೆಗೆದು ನಿಂತರು. ತುಟಿ ಅಲ್ಲಾಡಿತು, ದನಿ ಹೊರಡಲಿಲ್ಲ. ನಿಂತೇ ಇದ್ದರು. ಬೆರಳ ಸಂದಿಯಿಂದ ನೀರೆಲ್ಲ ಸೋರಿಹೋಯಿತು. "ನಡಿ" ಎಂದರು. ಮತ್ತೆಂದೂ ಅಲ್ಲಿಗೆ ಹೋಗಲಿಲ್ಲ.

ಅಪ್ಪ ಕೊನೆಯವರೆಗೂ ಸಿಕ್ಕಿಬೀಳಲಿಲ್ಲ. ಬಡ್ತಿ ಬಂತು, ಸ್ಕೂಟರ್ ಬಂತು, ನಿವೃತ್ತಿಯ ದಿನ ಮಂಡಿಯವರೆಗೆ ಇಳಿಯುವ ಹಾರ ಹಾಕಿ ಕಳಿಸಿದರು. ದೊಡ್ಡಪ್ಪ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಅವರ ಸಾವನ್ನು ಎಲ್ಲೂ ಬರೆಸಲಾಗಲಿಲ್ಲ, ಕಾಗದದ ಪ್ರಕಾರ ಅವರಿನ್ನೂ ಹೈದರಾಬಾದಿನಲ್ಲಿ ನೌಕರಿಯಲ್ಲಿದ್ದರು. ನನ್ನ ಸರ್ಟಿಫಿಕೇಟುಗಳಲ್ಲಿ ತಂದೆಯ ಹೆಸರಿನ ಮುಂದೆ ಇರುವುದೂ ದೊಡ್ಡಪ್ಪನ ಹೆಸರೇ. ಅಪ್ಪನ ಸ್ವಂತ ಹೆಸರು ನಮ್ಮ ಮನೆಯ ಯಾವ ಕಾಗದದಲ್ಲೂ ಇಲ್ಲ.

ಈಗ ನಿಮ್ಮ ಫೋನಿಗೆ ನಿಮ್ಮ ಮುಖ ಗೊತ್ತು, ಆಧಾರ್ ಯಂತ್ರಕ್ಕೆ ನಿಮ್ಮ ಹೆಬ್ಬೆರಳು ಗೊತ್ತು. ಈ ದಿಲ್‌ಸುಖ್‌ನಗರದ ಮನೆಯ ಗೇಟಿಗೆ ದಿನವೂ ಯಾರಾದರೂ ಬರುತ್ತಾರೆ, ಪುಸ್ತಕ ತಂದವರು, ಬಿರಿಯಾನಿ ತಂದವರು. ಕೆಳಗಿನಿಂದ ನಿಮ್ಮ ಹೆಸರು ಕೂಗುತ್ತಾರೆ. ಕೂಗು ಮುಗಿಯುವ ಮೊದಲೇ "ನಾನೇ, ನಾನೇ" ಎಂದು ಒಬ್ಬರನ್ನೊಬ್ಬರು ತಳ್ಳಿಕೊಂಡು ಮೆಟ್ಟಿಲಿಳಿದು ಓಡುತ್ತೀರಿ. ಆ ಸದ್ದು ನನಗೆ ಇಷ್ಟ.

ಈ ಮನೆ ಕಟ್ಟಿಸಿದ್ದು ಅಪ್ಪ. ಇದೇ ವರಾಂಡದಲ್ಲಿ, ಇದೇ ಬೆತ್ತದ ಕುರ್ಚಿಯಲ್ಲಿ ತೀರಿಕೊಳ್ಳುವವರೆಗೂ ಕೂರುತ್ತಿದ್ದರು. ಗೇಟಿನಲ್ಲಿ ಪೋಸ್ಟಿನವನು ಹೆಸರು ಕೂಗಿದರೆ ಅರೆಕ್ಷಣ ಸುಮ್ಮನಿದ್ದು, ಬೇರೆ ಯಾರಾದರೂ ಬರುತ್ತಾರೇನೋ ಎಂದು ಒಮ್ಮೆ ಹಿಂದಕ್ಕೆ ನೋಡಿ, ಆಮೇಲೆ ಏಳುತ್ತಿದ್ದರು.